ತುರ್ತು ಸಾಮಗ್ರಿ: ಒಂದೇ ಪೆಟ್ಟಿಗೆಯೋ, ಬೇರೆ ಬೇರೆ ಚೀಲಗಳೋ?

ಪ್ರಶ್ನೆ: ನಾಲ್ವರಿರುವ ಮನೆಗೆ ಬೇಕಾದ ತುರ್ತು ಸಾಮಗ್ರಿಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದೇನೆ, ಆದರೆ ಅದನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ಹೇಗೆ ವಿಂಗಡಿಸಬೇಕು?

ಉತ್ತರ 1: ಮನೆಯಲ್ಲೇ ಉಳಿಯಬೇಕಾದ ಸಂದರ್ಭವೂ ಮನೆ ಬಿಟ್ಟು ಹೊರಡಬೇಕಾದ ಸಂದರ್ಭವೂ ಬೇರೆಯಾದ್ದರಿಂದ ಸಾಮಗ್ರಿಯನ್ನೂ ಹಾಗೆಯೇ ಎರಡು ಪಾಲು ಮಾಡಿ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರಿನಂತೆ ನಾಲ್ವರಿಗೆ 3 ದಿನಕ್ಕೆ ಬೇಕಾಗುವ ನೀರೇ 48 ಕಿಲೋ ತೂಗುತ್ತದೆ; ಅದು ಮನೆಯಲ್ಲೇ ಇರಲಿ. ಔಷಧಿ, ದಾಖಲೆಗಳ ಪ್ರತಿ, ಸೀಟಿ, ಸ್ವಲ್ಪ ನಗದು, ತಲಾ ಒಂದು ನೀರಿನ ಬಾಟಲಿ ಬೆನ್ನಚೀಲಗಳಿಗೆ ಸೇರಲಿ.

ಉತ್ತರ 2: ಟಾರ್ಚಿನೊಳಗೆ ಸೆಲ್ ಬಿಡಬೇಡಿ, ಪಕ್ಕದಲ್ಲಿ ಕಟ್ಟಿಡಿ. ನಾನು ಬಿಟ್ಟಿದ್ದೆ; ಎರಡು ವರ್ಷಗಳ ನಂತರ ತೆರೆದಾಗ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಈಗಷ್ಟೇ ನನ್ನ ಟಾರ್ಚನ್ನು ತೆರೆದು ನೋಡಿದೆ. ಅದರ ಸ್ಥಿತಿಯೂ ಅದೇ.