ಹಸ್ತೆ ಮಳೆ ಬಿಟ್ಟು ಬಿಟ್ಟು ಹೊಡೀತಿದೆ: ರಸಮೇವಿಗೆ ಈಗಲೇ ಕೊಯ್ಯೋದಾ, ಕಾಯೋದಾ?

ಹೇಮಾವತಿ_ಬಯಲು:

ಹೊಳೆನರಸೀಪುರ ತಾಲ್ಲೂಕು, ಕೆಂಪು ಮಣ್ಣು. ಒಂದು ಎಕರೆ ಮುಸುಕಿನ ಜೋಳ, ಕಾಳಿನ ಹೈಬ್ರಿಡ್ ತಳಿ, ಬಿತ್ತಿ 84 ದಿನ. ಪಕ್ಕದಲ್ಲೇ ಅರ್ಧ ಎಕರೆ ಸಿಓ-4 ಸೀಮೆಹುಲ್ಲು, ಹಿಂದಿನ ಕೊಯ್ಲಾಗಿ 42 ದಿನ. ಹುಲ್ಲಿಗೆ 13 ದಿನದ ಹಿಂದೆ ಅರ್ಧ ಮೂಟೆ ಯೂರಿಯಾ ಕೊಟ್ಟಿದೆ.

ರಸಮೇವು (ಸೈಲೇಜ್), ಅಂದರೆ ಹಸಿ ಮೇವನ್ನು ಕತ್ತರಿಸಿ, ತುಳಿದು, ಗಾಳಿ ಆಡದ ಹಾಗೆ ಮುಚ್ಚಿ ಹುಳಿ ಹಿಡಿಸೋದು. ಅದಕ್ಕಿರುವ ಗುಂಡಿ 20 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಆಳ, ಸಿಮೆಂಟ್ ಗೋಡೆ. ಚಾಫ್ ಕಟರ್ 3 ಎಚ್‌ಪಿಯದು, ಗಂಟೆಗೆ ಹೆಚ್ಚೆಂದರೆ ಒಂದು ಟನ್ ಕತ್ತರಿಸುತ್ತದೆ. ಕರೆಯುವ ಹಸು 6.

ಬೆಳಿಗ್ಗೆ ಒಳ್ಳೆ ಬಿಸಿಲು, ಮಧ್ಯಾಹ್ನ ಮೂರು ಗಂಟೆ ಮೇಲೆ ಗುಡುಗು ಮಳೆ. ಒಂದೊಂದು ದಿನ ಬರೋದೇ ಇಲ್ಲ. ಈಗ ಕೊಯ್ದುಬಿಡೋದಾ, ಚಿತ್ತೆ ಮಳೆ ನೋಡಿಕೊಂಡು ಮುಂದಕ್ಕೆ ಹಾಕೋದಾ? ಗುಂಡಿ ಅರ್ಧ ತುಂಬಿದಾಗ ಮಳೆ ಬಂದರೆ ಏನು ಮಾಡಬೇಕು? ಸೀಮೆಹುಲ್ಲನ್ನೂ ಇದರ ಜೊತೆಗೇ ಹಾಕಬಹುದಾ?

ಮೇವುಗುಂಡಿ:

ಮೊದಲು ಬೆಳೆ ನೋಡಿ, ಆಕಾಶ ಆಮೇಲೆ. ನಿಂತ ಜೋಳಕ್ಕೆ ಮಳೆಯಿಂದ ಆಗುವ ನಷ್ಟ ಬಹಳ ಕಡಿಮೆ. ಎಲೆ ಮೇಲಿನ ನೀರು ಎರಡು ಮೂರು ಗಂಟೆ ಬಿಸಿಲಿಗೆ ಆರುತ್ತದೆ. ಕೊಯ್ದು ಬಿದ್ದ ಮೇವಿನ ಕಥೆ ಬೇರೆ: ಅದು ಇನ್ನೂ ಉಸಿರಾಡುತ್ತಾ ತನ್ನ ಸಕ್ಕರೆಯನ್ನೇ ಸುಡುತ್ತಿರುತ್ತದೆ, ಮೇಲಿಂದ ಮಳೆ ಬಿದ್ದರೆ ಉಳಿದ ಸಕ್ಕರೆಯೂ ತೊಳೆದು ಹೋಗುತ್ತದೆ. ಮೇವು ಹುಳಿಯಾಗೋದು ಆ ಸಕ್ಕರೆಯಿಂದಲೇ. ಹಾಗಾಗಿ ಅನುಮಾನ ಇದ್ದರೆ ನಿಂತಿರಲಿ ಬಿಡಿ, ಕೊಯ್ದು ಮಲಗಿಸಬೇಡಿ.

ದಿನದ ಲೆಕ್ಕ ನಂಬಬೇಡಿ. 84 ದಿನ ಅಂದರೆ ಒಂದು ತಳಿಯಲ್ಲಿ ಬಲಿತಿರುತ್ತದೆ, ಇನ್ನೊಂದರಲ್ಲಿ ಹಾಲುಗಾಳೇ ಇರುತ್ತದೆ. ಹೊಲದ ಬದು ಬಿಟ್ಟು ಒಳಗಿಂದ ನಾಲ್ಕೈದು ತೆನೆ ಕಿತ್ತು ನಡುವೆ ಮುರಿಯಿರಿ. ಕಾಳಿನ ಮೊಳಕೆ ಇಲ್ಲದ ಬದಿ ನೋಡಿ. ಮೇಲಿಂದ ಗಟ್ಟಿ ಹಳದಿ ಭಾಗ ಇಳಿದು ಬರುತ್ತಿರುತ್ತದೆ, ಕೆಳಗೆ ಹಾಲು. ನಮ್ಮ ಹೈಬ್ರಿಡ್‌ಗಳ ಕಾಳು ಗಟ್ಟಿ ಜಾತಿಯದು, ಗೆರೆ ಕಣ್ಣಿಗೆ ಸರಿಯಾಗಿ ಕಾಣೋದಿಲ್ಲ, ಹೆಬ್ಬೆರಳಿನ ಉಗುರು ಒತ್ತುತ್ತಾ ಬನ್ನಿ, ಎಲ್ಲಿ ಮೆತ್ತಗಾಗುತ್ತದೋ ಅದೇ ಗೆರೆ. ಅದು ಕಾಳಿನ ಅರ್ಧದಿಂದ ಮೂರರಲ್ಲಿ ಎರಡು ಭಾಗದವರೆಗೆ ಇಳಿದಿದ್ದರೆ ಕೊಯ್ಲಿಗೆ ಹದ. ಇಡೀ ಗಿಡದ ಒಣಾಂಶ (ನೀರು ಬಿಟ್ಟು ಉಳಿಯುವ ಭಾಗ) ಆಗ ಶೇ. 30–35 ಇರುತ್ತದೆ.

ಗೆರೆ ಮಾತ್ರ ನೋಡಿದರೂ ಸಾಲದು, ಮಳೆಗಾಲದಲ್ಲಿ ದಂಟು ಹಸಿಯಾಗೇ ಉಳಿಯುತ್ತದೆ. ಎಲೆ ಆರಿದ ಮೇಲೆ ಐದು ಗಿಡ ಕೊಯ್ದು ಚಾಫ್ ಕಟರ್‌ಗೆ ಕೊಟ್ಟು, ಚೆನ್ನಾಗಿ ಕಲಸಿ, ಅದರಲ್ಲಿ 100 ಗ್ರಾಂ ತೂಗಿ. ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಒಣಗಿಸಿ, ಸೀಯಬಾರದು. ಎರಡು ಸಲ ತೂಗಿದರೂ ಒಂದೇ ತೂಕ ಬಂದರೆ ಮುಗಿಯಿತು. 31 ಗ್ರಾಂ ಉಳಿದರೆ ಒಣಾಂಶ ಶೇ. 31. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತಕ್ಕಡಿ ಇಲ್ಲದಿದ್ದರೆ ಮುಷ್ಟಿ ಪರೀಕ್ಷೆ ಮಾಡಿ: ಕತ್ತರಿಸಿದ ಮೇವನ್ನು ಅರ್ಧ ನಿಮಿಷ ಬಿಗಿಯಾಗಿ ಹಿಂಡಿ ಕೈ ಬಿಡಿ. ಬೆರಳ ಸಂದಿಯಲ್ಲಿ ರಸ ಇಳಿದು ಉಂಡೆ ಹಾಗೇ ನಿಂತರೆ ಶೇ. 25ರ ಕೆಳಗಿದೆ. ಉಂಡೆ ನಿಂತು, ಕೈ ಒದ್ದೆಯಾದರೆ 25–30. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ 30ರ ಮೇಲೆ. ತಟ್ಟನೆ ಉದುರಿದರೆ ತಡವಾಗಿದೆ, ತುಳಿದರೂ ಕೂರೋದಿಲ್ಲ, ಗಾಳಿ ಉಳಿದು ಬೂಸ್ಟು ಬರುತ್ತದೆ.

ಇನ್ನು ನಿಮ್ಮ ಗುಂಡಿ. 800 ಘನ ಅಡಿ, ಚೆನ್ನಾಗಿ ತುಳಿದರೆ ಘನ ಅಡಿಗೆ ಸುಮಾರು 15 ಕೆಜಿ, ಅಂದರೆ 12 ಟನ್. ನಿಮ್ಮ ಯಂತ್ರಕ್ಕೆ ಅದು 12 ಗಂಟೆಯ ಕೆಲಸ. ಕರೆಂಟು, ಬ್ಲೇಡು ಮಸೆಯೋದು ಎಲ್ಲ ಸೇರಿದರೆ ಎರಡು ದಿನ ಹಿಡಿಯುತ್ತದೆ, ಮೂರೂ ಆಗಬಹುದು. ನಿಮ್ಮ ನಿಜವಾದ ಸಮಸ್ಯೆ ಮಳೆಗಿಂತ ಇದು. ಟ್ರ್ಯಾಕ್ಟರ್‌ಗೆ ಕಟ್ಟುವ, ಒಂದು ಸಾಲು ಕೊಯ್ದು ಕತ್ತರಿಸಿ ಟ್ರೈಲರ್‌ಗೆ ಉಗಿಯುವ ಯಂತ್ರ ಬಾಡಿಗೆಗೆ ಸಿಕ್ಕರೆ ಒಂದು ಎಕರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವ ಮೊದಲು ಹಿಮ್ಮಡಿ ಊರಿ ತಿರುಗಿಸಿ ನೋಡಿ; ಮಣ್ಣು ಹಿಮ್ಮಡಿಗೆ ಅಂಟಿಕೊಂಡರೆ ಇಳಿಸಬೇಡಿ. ಕೆಂಪು ಮಣ್ಣು ಒಂದು ದಿನದ ಬಿಸಿಲಿಗೆ ಗಟ್ಟಿಯಾಗುತ್ತದೆ, ಕಪ್ಪು ಮಣ್ಣಾದರೆ ಮೂರು ನಾಲ್ಕು ದಿನ ಬೇಕು.

ತುಂಬುವಾಗ ಮಳೆ ಬಂದರೆ ಅಂತ ಕೇಳಿದ್ದೀರಿ. ಎಲ್ಲರೂ ಹೆದರುವಷ್ಟು ದೊಡ್ಡ ವಿಷಯ ಅಲ್ಲ, ಲೆಕ್ಕ ಹಾಕಿ ನೋಡಿ. ಗುಂಡಿಯ ಬಾಯಿ 160 ಚದರ ಅಡಿ, ಅಂದರೆ 15 ಚದರ ಮೀಟರ್. 5 ಮಿ.ಮೀ. ಮಳೆ ಬಿದ್ದರೆ 75 ಲೀಟರ್ ನೀರು. 12 ಟನ್ ಮೇವಿಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಸಣ್ಣ ಹನಿಗೆ ಕೆಲಸ ನಿಲ್ಲಿಸಿ ಓಡಬೇಡಿ. ನಿಲ್ಲಿಸಿದರೆ ಗಾಳಿ ಆಡಿ ಮೇವು ಬಿಸಿಯಾಗುತ್ತದೆ, ಆ ನಷ್ಟ 75 ಲೀಟರ್ ನೀರಿಗಿಂತ ಹೆಚ್ಚು. ಜೋರು ಗುಡುಗು ಮಳೆಯಲ್ಲಿ 40 ಮಿ.ಮೀ. ಬಿದ್ದರೆ ಮಾತ್ರ 600 ಲೀಟರ್, ಆಗ ಮುಚ್ಚಲೇಬೇಕು. ಮಿಂಚಿದರೆ ಕರೆಂಟು ತೆಗೆದು ಎಲ್ಲರೂ ಒಳಗೆ ಹೋಗಿ, ಅದರಲ್ಲಿ ಎರಡನೇ ಮಾತಿಲ್ಲ. ಗುಂಡಿ ಕೆಡಿಸೋದು ಸಾಮಾನ್ಯವಾಗಿ ಮೇಲಿಂದ ಬೀಳುವ ಮಳೆ ಅಲ್ಲ, ಅಂಗಳದಿಂದ ಹರಿದು ಬರುವ ನೀರು ಮತ್ತು ಕಾಲಲ್ಲಿ, ಚಕ್ರದಲ್ಲಿ ಬರುವ ಕೆಸರು. ಕೆಸರಿನ ಜೊತೆ ಬರುವ ಬ್ಯಾಕ್ಟೀರಿಯಾಗಳೇ ಮೇವಿಗೆ ಕೊಳೆತ ಬೆಣ್ಣೆ ವಾಸನೆ ತರೋದು. ಗುಂಡಿ ಸುತ್ತ ಒಂದಡಿ ಬದು ಹಾಕಿ, ತುಳಿಯುವವರು ಕಾಲು ತೊಳೆದು ಇಳಿಯಲಿ, ಜೋಳವನ್ನು ನೆಲದಿಂದ ಒಂದು ಗೇಣು ಮೇಲೆ ಕೊಯ್ಯಿರಿ.

ಇಡೀ ಗುಂಡಿಗೆ ಒಂದೇ ಮಟ್ಟದಲ್ಲಿ ಹರಡಬೇಡಿ. ಒಂದು ತುದಿಯಿಂದ ಇಳಿಜಾರಾಗಿ ತುಂಬುತ್ತಾ ಬನ್ನಿ, ಪದರ ಅರ್ಧ ಅಡಿ ಮೀರಬಾರದು. ಸಂಜೆ ನಿಲ್ಲಿಸಿದಾಗ ಆ ಇಳಿಜಾರಿನ ಮೇಲೆ ಶೀಟ್ ಎಳೆದು ಅಂಚಿಗೆ ಮರಳು ಚೀಲ ಇಟ್ಟರೆ ರಾತ್ರಿ ಮಳೆ ಬಂದರೂ ಚಿಂತೆ ಇಲ್ಲ.

ತಿಪಟೂರು_ಹೈನು:

ಮೇವುಗುಂಡಿಯವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. 6 ಹಸುವಿಗೆ 8 ಅಡಿ ಅಗಲದ ಗುಂಡಿ ಪೂರ್ತಿ ತುಂಬಿಸೋದೇ ತಪ್ಪು. ಹಸುವಿಗೆ 15 ಕೆಜಿಯಂತೆ ದಿನಕ್ಕೆ 90 ಕೆಜಿ ತೆಗೀತೀರಿ. ಒಂದು ಅಡಿ ಉದ್ದಕ್ಕೆ 600 ಕೆಜಿ ಇರುತ್ತದೆ, ಅಂದರೆ ದಿನಕ್ಕೆ ಎರಡು ಇಂಚೂ ಮುಂದೆ ಹೋಗೋದಿಲ್ಲ. ನಮ್ಮ ಸೆಕೆಗೆ ನಾಲ್ಕರಿಂದ ಆರು ಇಂಚು ಹೋಗಬೇಕು, ಇಲ್ಲದಿದ್ದರೆ ತೆರೆದ ಮುಖ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ.

ಮಳೆಗೂ ಇದಕ್ಕೂ ಸಂಬಂಧ ಇದೆ. ಗುಂಡಿ ಬದಲು ಚೀಲದಲ್ಲಿ ಹಾಕಿದರೆ ನಿಮಗೆ ಎರಡು ದಿನದ ಬಿಸಿಲು ಬೇಕಿಲ್ಲ, ನಾಲ್ಕು ಗಂಟೆ ಸಾಕು. ಹಸ್ತೆಯಲ್ಲಿ ಮಳೆ ಮಧ್ಯಾಹ್ನದ ಮೇಲೆ ತಾನೇ? ಇಬ್ಬನಿ ಆರಿದ ಮೇಲೆ ಒಂಬತ್ತೂವರೆಗೆ ಕೊಯ್ಯೋಕೆ ಶುರು ಮಾಡಿ, ಯಂತ್ರದ ಬಾಯಿಗೆ ಎಷ್ಟು ಹೋಗುತ್ತದೋ ಅಷ್ಟೇ ಕೊಯ್ಯುತ್ತಾ ಬನ್ನಿ, ಎರಡು ಗಂಟೆಗೆ ನಿಲ್ಲಿಸಿ ಚೀಲದ ಬಾಯಿ ಕಟ್ಟಿ. ದಿನಕ್ಕೆ ಮೂರರಿಂದ ನಾಲ್ಕು ಟನ್ ಆಗುತ್ತದೆ. ಮಾರನೇ ದಿನ ಮೋಡ ಕಟ್ಟಿದ್ದರೆ ಹೊಲದಲ್ಲೇ ನಿಂತಿರುತ್ತದೆ, ಮೇವುಗುಂಡಿಯವರೇ ಹೇಳಿದ ಹಾಗೆ ನಷ್ಟ ಇಲ್ಲ.

ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ, ಒಳಗೆ ತೂತಿಲ್ಲದ ಪಾಲಿಥಿನ್ ಚೀಲ, ಎರಡೂ ಬೇಕು. ಪ್ರತಿ ಗೇಣಿಗೂ ತುಳಿಯಬೇಕು. ಒಳಚೀಲದ ಬಾಯಿ ಹಿಂಡಿ, ತಿರುಚಿ, ಮಡಚಿ ಕಟ್ಟಬೇಕು, ಬರೀ ಗಂಟು ಹಾಕಿದರೆ ಗಾಳಿ ಒಳಗೆ ಹೋಗುತ್ತದೆ. ಜೋಡಿಸುವ ಜಾಗಕ್ಕೆ ಇಲಿ ಬಂದರೆ ಎಲ್ಲ ವ್ಯರ್ಥ, ವಾರಕ್ಕೊಮ್ಮೆ ನೋಡಿ ತೂತಿಗೆ ಟೇಪ್ ಹಚ್ಚಿ.

ದನದ_ಡಾಕ್ಟ್ರು:

ಸೀಮೆಹುಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಈಗ ಕೊಯ್ಯಬೇಡಿ. ಅರ್ಧ ಎಕರೆಗೆ ಅರ್ಧ ಮೂಟೆ ಅಂದರೆ ಎಕರೆಗೆ 45 ಕೆಜಿ ಯೂರಿಯಾ, ಸುಮಾರು 20 ಕೆಜಿ ಸಾರಜನಕ. ಹುಲ್ಲು ದಿನಕ್ಕೆ ಎಕರೆಗೆ ಒಂದು ಕೆಜಿಯಷ್ಟು ಬಳಸುತ್ತದೆ ಅನ್ನೋದು ಒರಟು ಲೆಕ್ಕ, ಮೋಡ ಇದ್ದರೆ ಅದಕ್ಕೂ ಕಡಿಮೆ. 13 ದಿನಕ್ಕೆ ಕೊಯ್ದರೆ ದಂಟಿನಲ್ಲಿ ಹಸುವಿಗೆ ವಿಷವಾಗುವ ನೈಟ್ರೇಟ್ ಉಳಿದಿರುತ್ತದೆ, ಹುಳಿ ಹಿಡಿಯೋಕೂ ಅಡ್ಡಿ. ಇನ್ನೂ ಎಂಟು ಹತ್ತು ದಿನ ಬಿಡಿ.

ಇದೇ ಮಾತು ಬರ ಹೊಡೆದ ಬೆಳೆಗೂ. ಒಣಗಿ ನಿಂತ ಜೋಳಕ್ಕೆ ಒಂದು ದೊಡ್ಡ ಮಳೆ ಬಿದ್ದ ಕೂಡಲೇ ಕೊಯ್ಯಬಾರದು. ಬೇರು ಒಮ್ಮೆಲೇ ನೈಟ್ರೇಟ್ ಎಳೆದುಕೊಂಡಿರುತ್ತದೆ, ಎಲೆಗೆ ಅದನ್ನು ಅರಗಿಸಲು ಐದರಿಂದ ಏಳು ದಿನ ಬೇಕು. ನೈಟ್ರೇಟ್ ಹೆಚ್ಚಾಗಿ ದಂಟಿನ ಬುಡದಲ್ಲಿರುತ್ತದೆ, ಅಂಥ ಬೆಳೆಯನ್ನು ಒಂದಡಿ ಮೇಲೆ ಕೊಯ್ಯಿರಿ. ಹುಳಿಯಾಗುವಾಗ ನೈಟ್ರೇಟ್ ಸಾಕಷ್ಟು ಇಳಿಯುತ್ತದೆ ನಿಜ, ಆದರೆ ಪೂರ್ತಿ ಹೋಗೋದಿಲ್ಲ.

ಮುಚ್ಚಿದ ಮೂರು ವಾರ ಶೀಟ್ ಎತ್ತಿ ಗುಂಡಿಗೆ ತಲೆ ಹಾಕಬೇಡಿ, ಮಕ್ಕಳನ್ನೂ ಬಿಡಬೇಡಿ. ನೈಟ್ರೇಟ್ ಇರುವ ಮೇವಿನಿಂದ ಕಂದು ಬಣ್ಣದ ಅನಿಲ ಬರುತ್ತದೆ, ಬ್ಲೀಚಿಂಗ್ ಪುಡಿ ತರದ ವಾಸನೆ. ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಬಹಳ ಅಪಾಯ.

ಹೇಮಾವತಿ_ಬಯಲು:

ಎಲ್ಲರಿಗೂ ಧನ್ಯವಾದ. ಬಾಣಲೆಯಲ್ಲಿ ಒಣಗಿಸಿ ನೋಡಿದೆ, 27 ಗ್ರಾಂ ಉಳಿಯಿತು. ಉಗುರು ಒತ್ತಿದರೆ ಗೆರೆ ಕಾಳಿನ ಮೂರರಲ್ಲಿ ಒಂದು ಭಾಗ ಇಳಿದಿದೆ. ಹಾಗಾದರೆ ಎಷ್ಟು ದಿನ ಕಾಯಬೇಕು? ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟಿವಿಯಲ್ಲಿ ಹೇಳ್ತಿದ್ದಾರೆ.

ಮೇವುಗುಂಡಿ:

ಜೋಳದ ಒಣಾಂಶ ದಿನಕ್ಕೆ ಅರ್ಧದಿಂದ ಮುಕ್ಕಾಲು ಅಂಶ ಏರುತ್ತದೆ, ಒಳ್ಳೆ ಬಿಸಿಲಿದ್ದರೆ ಒಂದು. 31 ತಲುಪಲು ಆರೇಳು ದಿನ. ಎರಡು ದಿನ ಬಿಟ್ಟು ಇನ್ನೊಮ್ಮೆ ಬಾಣಲೆ ಇಡಿ.

ವಾಯುಭಾರ ಕುಸಿತಕ್ಕೂ ಮಧ್ಯಾಹ್ನದ ಗುಡುಗು ಮಳೆಗೂ ವ್ಯತ್ಯಾಸ ಇದೆ. ಗುಡುಗು ಮಳೆ ಈ ಊರಿಗೆ ಬಂದರೆ ಪಕ್ಕದ ಊರಿಗಿಲ್ಲ, ಅದನ್ನು ಯಾವ ಆ್ಯಪ್ ಕೂಡ ನಿಮ್ಮ ಹೊಲದ ಮಟ್ಟಕ್ಕೆ ಹೇಳೋದಿಲ್ಲ. ಬೆಳಗಿನ ಹೊತ್ತು ಬಳಸಿಕೊಳ್ಳಬೇಕು ಅಷ್ಟೇ. ಕುಸಿತ ಬಂದರೆ ಎರಡು ಮೂರು ದಿನ ಬಿಡದೆ ಸುರಿಯಬಹುದು, ಜೊತೆಗೆ ಗಾಳಿ. ಆದರೆ ಅದು ಮೊದಲೇ ಗೊತ್ತಾಗುತ್ತದೆ. ಹವಾಮಾನ ಇಲಾಖೆಯ ಮೇಘದೂತ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ, ಮುಂದಿನ ಐದು ದಿನದ ಮಳೆ ಮಿ.ಮೀ.ನಲ್ಲಿ ಇರುತ್ತದೆ. 2.5 ಮಿ.ಮೀ. ಕೆಳಗಿದ್ದರೆ ಇಲಾಖೆಯೇ ಅದನ್ನು ಮಳೆ ದಿನ ಅಂತ ಎಣಿಸೋದಿಲ್ಲ, ನೀವೂ ಎಣಿಸಬೇಡಿ.

ಐದೂ ದಿನ ಚಿಲ್ಲರೆ ಮಳೆಯೇ ತೋರಿಸಿದರೆ ಕಾಯಿರಿ. ಗಾಳಿ ಸಮೇತ ಭಾರಿ ಮಳೆ ಅಂತಿದ್ದರೆ ಅದಕ್ಕೆ ಮೊದಲೇ ಕೊಯ್ದುಬಿಡಿ, 27–28 ಇದ್ದರೂ ಸರಿ. ಕಾಳಿನ ಪಿಷ್ಟ ಒಂದಿಷ್ಟು ಕಡಿಮೆ ಸಿಗುತ್ತದೆ, ಸ್ವಲ್ಪ ರಸ ಸೋರುತ್ತದೆ, ಅಷ್ಟೇ. ಜೋಳ ಮಲಗಿಬಿಟ್ಟರೆ ಮಣ್ಣು ಮೆತ್ತಿಕೊಳ್ಳುತ್ತದೆ, ಯಂತ್ರಕ್ಕೆ ಸಿಗೋದಿಲ್ಲ, ಆಳಿನ ಕೆಲಸ ಎರಡರಷ್ಟಾಗುತ್ತದೆ. 27ರಲ್ಲಿ ಕೊಯ್ದರೆ ಟನ್ನಿಗೆ 50 ಕೆಜಿ ಒಣ ರಾಗಿಹುಲ್ಲು ಕತ್ತರಿಸಿ ಸೇರಿಸಿ, ಒಣಾಂಶ 30ಕ್ಕೆ ಬರುತ್ತದೆ. ಜೋಳಕ್ಕೆ ಬೆಲ್ಲ ಬೇಡ, ಅದರಲ್ಲೇ ಬೇಕಾದಷ್ಟು ಸಕ್ಕರೆ ಇದೆ.

ಮಲೆನಾಡು_ಕೊಟ್ಟಿಗೆ:

ಸೀಮೆಹುಲ್ಲಿಗೆ ಹತ್ತು ದಿನದ ಮೇಲೆ ಕೈ ಹಾಕುವಾಗ ಇಷ್ಟು ನೋಡಿಕೊಳ್ಳಿ. ಅದು 50 ದಿನ ದಾಟಿದ್ದರೂ ಒಣಾಂಶ ಶೇ. 20ರ ಆಚೀಚೆಯೇ ಇರುತ್ತದೆ, ಸಕ್ಕರೆಯೂ ಕಡಿಮೆ. ಹಾಗೇ ತುಂಬಿದರೆ ಹುಳಿಯಾಗುವ ಬದಲು ಕೊಳೆಯುತ್ತದೆ. ಬಿಸಿಲಿದ್ದರೆ ಬೆಳಿಗ್ಗೆ ಕೊಯ್ದು ಸಂಜೆವರೆಗೆ ಬಾಡಿಸಿ. ಮೋಡ ಇದ್ದರೆ ಕತ್ತರಿಸದೆ ಕಟ್ಟು ಕಟ್ಟಿ ಕೊಟ್ಟಿಗೆ ಸೂರಿನಡಿ ನೆಟ್ಟಗೆ ನಿಲ್ಲಿಸಿ, ನೀರು ಬುಡಕ್ಕೆ ಇಳಿದು ಹೋಗುತ್ತದೆ. ರಾಶಿ ಹಾಕಿದರೆ ರಾತ್ರಿಯೊಳಗೆ ನಡುವೆ ಕಾವು ಬರುತ್ತದೆ.

ಆರಿದ್ರಾ, ಆಶ್ಲೇಷದ ಜಡಿಮಳೆಯಲ್ಲಿ ಬಾಡಿಸುವ ಆಸೆಯನ್ನೇ ನಾವು ಬಿಟ್ಟಿದ್ದೇವೆ, ಗಾಳಿಯೇ ಒದ್ದೆ. ಆಗ ಉಳಿಯೋದು ಒಣಹುಲ್ಲು ಬೆರೆಸುವ ದಾರಿ. ಹುಲ್ಲಿನ ಒಣಾಂಶ 18 ಇದ್ದು 25ಕ್ಕೆ ತರಬೇಕಾದರೆ ಟನ್ನಿಗೆ 108 ಕೆಜಿ ಭತ್ತದ ಅಥವಾ ರಾಗಿಯ ಹುಲ್ಲು ಬೇಕು. ಅದರ ಅರ್ಧವನ್ನು ಗುಂಡಿಯ ತಳಕ್ಕೆ ಹಾಸಿ ಕೂರುವವರಿದ್ದಾರೆ. ತಳಕ್ಕೆ ಒಂದು ಪದರ ಸಾಕು, ಉಳಿದದ್ದು ಮೇವಿನಲ್ಲೇ ಕಲೆಯಬೇಕು. ಬೆಲ್ಲ ಟನ್ನಿಗೆ 15ರಿಂದ 20 ಕೆಜಿ, ಕರಗುವಷ್ಟೇ ನೀರಲ್ಲಿ ಕರಗಿಸಿ ಪದರ ಪದರಕ್ಕೆ ಚಿಮುಕಿಸಿ. ಒದ್ದೆ ಹುಲ್ಲಿಗೆ ಯೂರಿಯಾ ಮಾತ್ರ ಹಾಕಬೇಡಿ, ಮೇವು ಹುಳಿಯಾಗೋಕೆ ಬಿಡೋದಿಲ್ಲ. ಅಂಗಡಿಯ ಬ್ಯಾಕ್ಟೀರಿಯಾ ಪುಡಿ ಹಾಕೋದಾದರೂ ಬೆಲ್ಲ ತಪ್ಪಿಸಬೇಡಿ, ಆ ಪುಡಿಯಲ್ಲಿ ಸಕ್ಕರೆ ಇರೋದಿಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲೂ ಕಲಸಬೇಡಿ.

ಜೋಳ ಮತ್ತು ಸೀಮೆಹುಲ್ಲು ಒಂದೇ ಗುಂಡಿಗೆ ಹಾಕಲೇಬೇಕೆಂದರೆ ಅದಲು ಬದಲು ಪದರ ಹಾಕಿ ಹಾಕಬಹುದು, ಆದರೆ ನಿಮ್ಮಲ್ಲಿ ಎರಡರ ಹದ ಒಂದೇ ದಿನ ಬರುವ ಹಾಗೆ ಕಾಣೋದಿಲ್ಲ. ಜೋಳ ಗುಂಡಿಗೆ, ಹುಲ್ಲು ಚೀಲಕ್ಕೆ ಹಾಕಿ. ಗುಂಡಿಯಿಂದ ಸೋರುವ ರಸ ಬಾವಿ ಕಡೆ ಹರಿಯದ ಹಾಗೆ ಬೇರೆ ಸಣ್ಣ ಗುಂಡಿ ತೋಡಿ ಹಿಡಿಯಿರಿ. ಆ ರಸ ಸಿಮೆಂಟನ್ನೂ ತಿನ್ನುತ್ತದೆ.