ಇಲಿನಾಯ್ ಹೋಮ್‌ಸ್ಕೂಲ್ ಮಸೂದೆ (ಎಚ್‌ಬಿ 2827): 19ಕ್ಕೆ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗುತ್ತಿರುವವರು ಯಾರಾದರೂ ಇದ್ದೀರಾ?

ರಶ್ಮಿ_ನೇಪರ್‌ವಿಲ್ (ಮಾರ್ಚ್ 13, 2025)

ಎಲ್ಲರಿಗೂ ನಮಸ್ಕಾರ. ಶಿಕಾಗೊ ಕಡೆ ಮನೆಯಲ್ಲೇ ಮಕ್ಕಳಿಗೆ ಪಾಠ ಮಾಡುವ ಕನ್ನಡದವರು ಇದ್ದರೆ ದಯವಿಟ್ಟು ಉತ್ತರಿಸಿ. ಮಗಳಿಗೆ ಈಗ ಮೂರನೇ ಕ್ಲಾಸಿನ ವಯಸ್ಸು. ಅವಳು ಓದುವುದು ಸ್ವಲ್ಪ ನಿಧಾನ. ಶಾಲೆಯಲ್ಲಿ ಎಲ್ಲರ ಮುಂದೆ ಓದಬೇಕಾದಾಗಲೆಲ್ಲ ಹೆದರಿ ಹೆದರಿ ಕೊನೆಗೆ ಮನೆಗೆ ಬಂದರೂ ಬಾಯಿ ಬಿಡದ ಹಾಗಾಗಿದ್ದಳು, ಹಾಗಾಗಿ ಕಳೆದ ವರ್ಷ ಬಿಡಿಸಿ ಮನೆಯಲ್ಲೇ ಶುರು ಮಾಡಿದೆವು. ಈಗ ಅವಳೇ ತಾನಾಗಿ ಲೈಬ್ರರಿ ಪುಸ್ತಕ ತೆಗೆದುಕೊಂಡು ಕೂರುತ್ತಾಳೆ. ಮಧ್ಯಾಹ್ನ ನಮ್ಮ ಅತ್ತೆ ಕನ್ನಡ ಬರೆಸುತ್ತಾರೆ. ನಮ್ಮ ಮಟ್ಟಿಗೆ ಇದು ದೊಡ್ಡ ವಿಷಯ.

ಈಗ ಈ ಮಸೂದೆ ಬಂದಿದೆ. ನಾನು ಓದಿ ತಿಳಿದುಕೊಂಡಿದ್ದು ಇಷ್ಟು: ಮನೆಯಲ್ಲಿ ಪಾಠ ಮಾಡುವವರು ಪ್ರತಿವರ್ಷ ಸರ್ಕಾರಿ ಶಾಲೆಗೆ ಒಂದು ಘೋಷಣಾ ಫಾರಂ ಕೊಡಬೇಕು, ಪಾಠ ಮಾಡುವ ತಂದೆ ಅಥವಾ ತಾಯಿಗೆ ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮನಾದದ್ದು ಇರಬೇಕು, ಅಧಿಕಾರಿಗಳು ಕೇಳಿದರೆ ಮಗುವಿನ ಕೆಲಸದ ಫೈಲ್ ತೋರಿಸಬೇಕು, ಫಾರಂ ಕೊಡದಿದ್ದರೆ ಮಗು ಶಾಲೆ ತಪ್ಪಿಸುತ್ತಿದೆ ಅಂತ ಲೆಕ್ಕ. ಅದು ಮುಂದಕ್ಕೆ ಹೋದರೆ ಪೋಷಕರ ಮೇಲೆ ಕ್ಲಾಸ್ ಸಿ ಮಿಸ್‌ಡಿಮೀನರ್ (ಸಣ್ಣ ಕ್ರಿಮಿನಲ್ ಅಪರಾಧ) ಕೇಸು, ಅಂದರೆ 30 ದಿನದವರೆಗೆ ಜೈಲು ಆಗಬಹುದು. ಇದನ್ನು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ನಾವು ಎಚ್-4, ಎಚ್-1ಬಿ ವೀಸಾ ಮೇಲೆ ಇರುವವರು. ಕ್ರಿಮಿನಲ್ ಅನ್ನುವ ಪದವೇ ನಮಗೆ ಬೇರೆ ತರಹ ಕೇಳಿಸುತ್ತದೆ.

19ನೇ ತಾರೀಕು ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸಮಿತಿ ವಿಚಾರಣೆ ಇದೆಯಂತೆ. ಈ ತಿಂಗಳ ಶುರುವಿನಲ್ಲೂ ಅಲ್ಲಿನ ಕ್ಯಾಪಿಟಲ್ (ಶಾಸನಸಭೆಯ ಕಟ್ಟಡ) ತುಂಬ ಜನ ಸೇರಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ವೀಸಾದಲ್ಲಿರುವವರು ಇಂಥದ್ದಕ್ಕೆಲ್ಲ ಹೋಗಬಾರದು ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

---

ಕಿರಣ್_ಷಾಂಬರ್ಗ್ (ಮಾರ್ಚ್ 13)

ರಶ್ಮಿ ಅವರೇ, ನಾವು ಆವತ್ತು ಹೋಗಿದ್ದೆವು, 19ಕ್ಕೂ ಹೋಗುತ್ತೇವೆ. ಮಕ್ಕಳನ್ನು ಧಾರಾಳವಾಗಿ ಕರೆದುಕೊಂಡು ಬನ್ನಿ. ಅಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಮಕ್ಕಳೇ. ಸ್ಟ್ರಾಲರ್‌ನಲ್ಲಿರುವ ಕೂಸಿನಿಂದ ಹಿಡಿದು ಹೈಸ್ಕೂಲ್ ಹುಡುಗರ ತನಕ ಇರುತ್ತಾರೆ. ನಿಮ್ಮಲ್ಲಿಂದ ಐ-55 ಹಿಡಿದರೆ ಸುಮಾರು ಮೂರು ಗಂಟೆ. ಬೆಳಗ್ಗೆ ಬೇಗ ಹೊರಡಿ, ಯಾಕಂದರೆ ಬಾಗಿಲಲ್ಲಿ ಸೆಕ್ಯುರಿಟಿ ತಪಾಸಣೆಗೆ ಉದ್ದ ಸಾಲು ಇರುತ್ತದೆ, ಒಳಗೆ ಗುಮ್ಮಟದ ಕೆಳಗಿನ ರೊಟಂಡಾದಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಪುಳಿಯೋಗರೆ, ಚಪಾತಿ ಏನಾದರೂ ಕಟ್ಟಿಕೊಂಡು ಬನ್ನಿ.

ಹೊಸಬರಿಗೆ ಒಂದು ಮಾತು. ಇಲ್ಲಿನ ಹೋಮ್‌ಸ್ಕೂಲ್ ಕುಟುಂಬಗಳಿಗೆ ಕ್ಯಾಪಿಟಲ್ ಹೊಸ ಜಾಗವೇನಲ್ಲ. ಶಾಸಕರ ಆಫೀಸುಗಳಿಗೆ ಮಕ್ಕಳು ಚೆರ್ರಿ ಪೈ ತೆಗೆದುಕೊಂಡು ಹೋಗಿ ಪರಿಚಯ ಮಾಡಿಕೊಂಡು ಬರುವ ಪದ್ಧತಿ ಮೊದಲಿಂದಲೂ ಇದೆ. ಹಾಗಾಗಿ ಮಸೂದೆ ಬಂದ ಕೂಡಲೇ ಇಷ್ಟು ಜನ ಒಟ್ಟಾದರು.

ಬರಲಾಗದಿದ್ದರೂ ಮಾಡಲೇಬೇಕಾದ ಕೆಲಸ ಒಂದಿದೆ, ವಿಟ್ನೆಸ್ ಸ್ಲಿಪ್. ಶಾಸನಸಭೆಯ ವೆಬ್‌ಸೈಟಿಗೆ ಹೋಗಿ ಮಸೂದೆ ನಂಬರ್ ಹುಡುಕಿ, ಹೆಸರು ವಿಳಾಸ ತುಂಬಿ, ಪರವೋ ವಿರೋಧವೋ ಅಂತ ಗುರುತು ಹಾಕಿ ಕಳಿಸುವುದು, ಅಷ್ಟೇ. ಮಾತಾಡುವ ಇಷ್ಟ ಇಲ್ಲದಿದ್ದರೆ 'ಹಾಜರಿ ದಾಖಲೆ ಮಾತ್ರ' ಅನ್ನುವುದನ್ನು ಆರಿಸಿ. ಅದರಲ್ಲಿ ಪೌರತ್ವ ಕೇಳುವುದಿಲ್ಲ. ಈ ಸಲ ಹತ್ತಾರು ಸಾವಿರ ವಿರೋಧದ ಸ್ಲಿಪ್ ಬಂದಿವೆ.

ವೀಸಾ ವಿಷಯ: ಶಾಂತವಾಗಿ ಸೇರುವ ಹಕ್ಕು ನಾಗರಿಕರಿಗೆ ಮಾತ್ರ ಅಂತ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಎಲ್ಲೂ ಇಲ್ಲ. ಆದರೂ ಮನಸ್ಸಿಗೆ ಅಳುಕಿದ್ದರೆ ನಿಮ್ಮ ವಕೀಲರನ್ನು ಒಮ್ಮೆ ಕೇಳಿಬಿಡಿ. ಯಜಮಾನರ ಹೆದರಿಕೆಯನ್ನು ತಳ್ಳಿಹಾಕಬೇಡಿ, ಇದು ಅಂಥ ಕಾಲ.

---

ಸುಧಾ_ಟೀಚರ್ (ಮಾರ್ಚ್ 14)

ನಾನು ಇಲಿನಾಯ್‌ನ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಈ ಮಸೂದೆ ಬೇಕು ಅನ್ನುವವಳು ನಾನು. ಬೈಯುವ ಮೊದಲು ಪೂರ್ತಿ ಓದಿ.

ಇದು ಸುಮ್ಮನೆ ಎಲ್ಲಿಂದಲೋ ಬಂದಿದ್ದಲ್ಲ. 2024ರಲ್ಲಿ ಕ್ಯಾಪಿಟಲ್ ನ್ಯೂಸ್ ಇಲಿನಾಯ್ ಮತ್ತು ಪ್ರೊಪಬ್ಲಿಕಾ ಅನ್ನುವ ಸುದ್ದಿಸಂಸ್ಥೆಗಳು ಸೇರಿ ಒಂದು ತನಿಖಾ ವರದಿ ಮಾಡಿದವು. ಮನೆಯಲ್ಲೇ ಓದಿಸುತ್ತೇವೆ ಅಂತ ಹೇಳಿ ಶಾಲೆಯಿಂದ ಬಿಡಿಸಿದ ಒಂಬತ್ತು ವರ್ಷದ ಹುಡುಗನಿಗೆ ಮನೆಯಲ್ಲಿ ಹೊಡೆತ, ಊಟವೂ ಇಲ್ಲ. ಅದನ್ನು ಓದಿದ ಮೇಲೆ ಗ್ಲೆನ್ ಎಲ್ಲಿನ್ ಕಡೆಯ ಶಾಸಕಿ ಟೆರಾ ಕೋಸ್ಟಾ ಹೋವರ್ಡ್ ಈ ಮಸೂದೆ ತಂದರು. ಈ ರಾಜ್ಯದಲ್ಲಿ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವವರು ಯಾರಿಗೂ ಹೇಳಬೇಕಾಗಿಲ್ಲ, ಶಿಕ್ಷಣ ಮಂಡಳಿಯ ಫಾರಂ ಒಂದಿದೆ, ಅದೂ ಇಷ್ಟ ಇದ್ದರೆ ಮಾತ್ರ. ಎಷ್ಟು ಮಕ್ಕಳು ಮನೆಯಲ್ಲಿ ಓದುತ್ತಿದ್ದಾರೆ ಅನ್ನುವ ಲೆಕ್ಕವೇ ಸರ್ಕಾರದ ಬಳಿ ಇಲ್ಲ.

ನಾವು ಟೀಚರ್‌ಗಳಿಗೆ ಕಾನೂನಿನ ಪ್ರಕಾರ ಅನುಮಾನ ಬಂದರೆ ವರದಿ ಮಾಡಲೇಬೇಕು. ಮಗುವಿನ ತೋಳಿನ ಮೇಲೆ ಬಾಸುಂಡೆ ಕಂಡರೆ, ಸೋಮವಾರ ಬೆಳಗ್ಗೆ ಹಸಿದುಕೊಂಡು ಬಂದರೆ ನಮ್ಮ ಕಣ್ಣಿಗೆ ಬೀಳುತ್ತದೆ. ಮನೆಯಲ್ಲೇ ಇರುವ ಮಗುವನ್ನು ನೋಡುವವರು ಯಾರು? ಪಕ್ಕದ ವಿಸ್ಕಾನ್ಸಿನ್‌ನಲ್ಲಿ ವರ್ಷಕ್ಕೊಮ್ಮೆ ಆನ್‌ಲೈನ್ ಫಾರಂ ತುಂಬುತ್ತಾರೆ, ಅಲ್ಲಿನ ಹೋಮ್‌ಸ್ಕೂಲ್ ಕುಟುಂಬಗಳು ಆರಾಮಾಗಿ ಇದ್ದಾವೆ. ರಶ್ಮಿ ಅವರಂಥ ತಾಯಂದಿರ ಮೇಲೆ ಯಾರಿಗೂ ಅನುಮಾನ ಇಲ್ಲ. ಆದರೆ ಕಾನೂನು ಮಾಡುವಾಗ ಒಳ್ಳೆಯ ಮನೆಗಳನ್ನು ಮಾತ್ರ ನೆನೆದು ಮಾಡಲು ಆಗುವುದಿಲ್ಲ, ಅಲ್ವಾ?

---

ರಶ್ಮಿ_ನೇಪರ್‌ವಿಲ್ (ಮಾರ್ಚ್ 14)

ಸುಧಾ ಅವರೇ, ಪೂರ್ತಿ ಓದಿದೆ. ಆ ಹುಡುಗನ ವರದಿಯನ್ನೂ ಹುಡುಕಿ ಓದಿದೆ, ಹೊಟ್ಟೆ ಸಂಕಟವಾಯಿತು. ಬರೀ ಒಂದು ಫಾರಂ ಆಗಿದ್ದರೆ ನಾನು ನಾಳೆಯೇ ತುಂಬಿ ಕೊಡುತ್ತಿದ್ದೆ. ನನಗೆ ತೊಂದರೆ ಇರುವುದು ಅದರ ಹಿಂದೆ ಇರುವ ಜೈಲಿನ ಮಾತು, ಮತ್ತೆ ಆ ಫೈಲ್ ನೋಡುವವರಿಗೆ ನನ್ನ ಮಗಳಂಥ ಮಗುವಿನ ಬಗ್ಗೆ ಏನು ಗೊತ್ತಿರುತ್ತದೆ ಅನ್ನುವುದು. ಅವಳ ಓದು ಅವಳ ವಯಸ್ಸಿಗಿಂತ ಹಿಂದೆಯೇ ಇದೆ. ಶಾಲೆಯಲ್ಲಿದ್ದಾಗಲೂ ಹಿಂದೆಯೇ ಇತ್ತು. ಈಗ ಆ ಹಿಂದುಳಿದಿದ್ದಕ್ಕೆ ನಾನು ಕಾರಣ ಅಂತ ಬರೆದುಬಿಟ್ಟರೆ?

---

ಪ್ರಕಾಶ್_ಫ್ರೀಮಾಂಟ್ (ಮಾರ್ಚ್ 15)

ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಇದೇ ನಡೆಯಿತು. ಪೆರಿಸ್ ಅನ್ನುವ ಊರಲ್ಲಿ ತಂದೆತಾಯಿಯೇ ಹದಿಮೂರು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿ ಹಿಂಸೆ ಕೊಟ್ಟಿದ್ದು ಆ ವರ್ಷ ಜನವರಿಯಲ್ಲಿ ಬಯಲಾಯಿತು. ಆ ಮನುಷ್ಯ ತನ್ನ ಮನೆಯನ್ನು ಖಾಸಗಿ ಶಾಲೆ ಅಂತ ಕಾಗದದಲ್ಲಿ ತೋರಿಸಿದ್ದ. ಅದರ ಬೆನ್ನಿಗೇ ಎಬಿ 2756 ಅನ್ನುವ ಮಸೂದೆ ಬಂತು. ಮೊದಲ ರೂಪದಲ್ಲಿ ಪ್ರತಿ ಹೋಮ್‌ಸ್ಕೂಲ್ ಮನೆಗೂ ವರ್ಷಕ್ಕೊಮ್ಮೆ ಅಗ್ನಿಶಾಮಕ ಇಲಾಖೆಯವರು ಬಂದು ತಪಾಸಣೆ ಮಾಡಬೇಕು ಅಂತ ಇತ್ತು. ಆಮೇಲೆ ಅದನ್ನು ಕೈಬಿಟ್ಟು ಬರೀ ಮಾಹಿತಿ ಸಂಗ್ರಹ ಅಂತ ಮಾಡಿದರು.

ಏಪ್ರಿಲ್ 25ಕ್ಕೆ ನಮ್ಮ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಸಮಿತಿ ವಿಚಾರಣೆ. ನಾನು, ಹೆಂಡತಿ, ಮಗ ಹೋಗಿದ್ದೆವು. ಕಾರಿಡಾರಿನ ಉದ್ದಕ್ಕೂ ಜನ, ಒಬ್ಬೊಬ್ಬರೇ ಮೈಕಿನ ಹತ್ತಿರ ಹೋಗಿ ಹೆಸರು, ಊರು, 'ನಾನು ವಿರೋಧಿಸುತ್ತೇನೆ' ಅಂತ ಹೇಳಿ ಈಚೆಗೆ ಬರುವುದು. ಗಂಟೆಗಟ್ಟಲೆ ಅದೇ ನಡೆಯಿತು. ಹಳ್ಳಿಯ ರೈತರು, ಬುರ್ಖಾ ಹಾಕಿದ ತಾಯಂದಿರು, ನಾಸ್ತಿಕರು, ಚರ್ಚಿನವರು, ಆಟಿಸಂ ಇರುವ ಮಕ್ಕಳ ಅಪ್ಪಂದಿರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದನ್ನು ಕಣ್ಣಾರೆ ನೋಡಿದೆ. ಕೊನೆಗೆ ಸಮಿತಿಯ ಒಬ್ಬ ಸದಸ್ಯರೂ ಮಸೂದೆಯನ್ನು ಮತಕ್ಕೆ ಹಾಕೋಣ ಅಂತ ಸೂಚಿಸಲಿಲ್ಲ. ಅಲ್ಲಿಗೇ ಮುಗಿಯಿತು.

ಆದರೆ ಸುಧಾ ಮೇಡಂ ಎತ್ತಿದ ಪ್ರಶ್ನೆಗೆ ಉತ್ತರ ಕೊಡದೆ ಬರೀ ಗೆದ್ದೆವು ಅಂತ ಮನೆಗೆ ಬಂದರೆ ಸಾಲದು. ಪೆರಿಸ್ ಮನೆಯ ಬಗ್ಗೆ ನನ್ನನ್ನು ಕಾಡುವುದು ಇದು: ಅವನು ಫಾರಂ ಸಲ್ಲಿಸಿದ್ದ! ಕಾಗದ ಸರಿಯಾಗಿಯೇ ಇತ್ತು. ಆ ಮಕ್ಕಳು ಹೊರಗೆ ಬಂದಿದ್ದು ಹದಿನೇಳು ವರ್ಷದ ಹುಡುಗಿ ಕಿಟಕಿಯಿಂದ ತಪ್ಪಿಸಿಕೊಂಡು ತುರ್ತು ನಂಬರ್ 911ಕ್ಕೆ ಫೋನ್ ಮಾಡಿದ್ದರಿಂದ. ಮಕ್ಕಳ ರಕ್ಷಣೆಗೆ ಅಂತ ಇಲಾಖೆ ಇದೆ, ಅದಕ್ಕೆ ಜನ ಕೊಡಿ, ದೂರು ಬಂದ ಮನೆಗೆ ಅದೇ ದಿನ ಹೋಗುವ ಹಾಗೆ ಮಾಡಿ. ಅದನ್ನು ಕೇಳಲು ಸ್ಯಾಕ್ರಮೆಂಟೊಗೆ ಮತ್ತೆ ಹೋಗಬೇಕು ಅಂದರೂ ನಾನು ಸಿದ್ಧ.

---

ಅನಿತಾ_ರೋಚೆಸ್ಟರ್ (ಮಾರ್ಚ್ 15)

ನ್ಯೂಯಾರ್ಕ್ ರಾಜ್ಯದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಎಲ್ಲಕ್ಕೂ ನಿಯಮ. ಮೊದಲು ಉದ್ದೇಶದ ಪತ್ರ, ಆಮೇಲೆ ವರ್ಷದ ಪಾಠದ ಯೋಜನೆ, ಮೂರು ತಿಂಗಳಿಗೊಮ್ಮೆ ವರದಿ, ವರ್ಷದ ಕೊನೆಗೆ ಮೌಲ್ಯಮಾಪನ. ಒಂದರಿಂದ ಆರನೇ ಕ್ಲಾಸಿಗೆ ವರ್ಷಕ್ಕೆ 900 ಗಂಟೆ, ಏಳರಿಂದ ಮೇಲಕ್ಕೆ 990. ಕೇಳಿದರೆ ತಲೆ ತಿರುಗುತ್ತದೆ, ಆದರೆ ನಾನು ಇಬ್ಬರು ಮಕ್ಕಳಿಗೆ ಇದನ್ನೆಲ್ಲ ಮಾಡುತ್ತಾ ಬಂದಿದ್ದೇನೆ, ಅಭ್ಯಾಸ ಆಗಿಹೋಗುತ್ತದೆ. ರಶ್ಮಿ, ಮಗಳ ಬರವಣಿಗೆ ಈಗಿನಿಂದಲೇ ತಾರೀಕು ಹಾಕಿ ಎತ್ತಿಡು ಕಣಮ್ಮ. ಮಸೂದೆ ಬರಲಿ, ಬಿಡಲಿ. ಸೆಪ್ಟೆಂಬರ್‌ನಲ್ಲಿ ಬರೆದ ಹಾಳೆ, ಮಾರ್ಚ್‌ನಲ್ಲಿ ಬರೆದ ಹಾಳೆ ಪಕ್ಕದಲ್ಲಿಟ್ಟರೆ ಅವಳು ಎಷ್ಟು ಮುಂದೆ ಬಂದಿದ್ದಾಳೆ ಅಂತ ಯಾವ ಅಧಿಕಾರಿಗೂ ಕಾಣುತ್ತದೆ. ಬೇರೆ ಮಕ್ಕಳ ಜೊತೆ ಹೋಲಿಸುವ ಮಾತೇ ಬರುವುದಿಲ್ಲ.

ನಿಯಮ ಕಟ್ಟುನಿಟ್ಟಾಗಿದ್ದರೆ ಮಕ್ಕಳು ಸುರಕ್ಷಿತವಾಗಿರುತ್ತಾರಾ ಅಂದರೆ, ನಮ್ಮ ಜಿಲ್ಲೆಯವರು ನಮ್ಮ ಕಾಗದ ನೋಡಿದ್ದಾರೆ, ಮಕ್ಕಳ ಮುಖವನ್ನು ಯಾರೂ ನೋಡಿಲ್ಲ.

---

ಕಿರಣ್_ಷಾಂಬರ್ಗ್ (ಮಾರ್ಚ್ 16)

ಒಂದು ವಿಷಯ ಬಿಟ್ಟುಹೋಗಿತ್ತು. ಇಲಿನಾಯ್‌ನಲ್ಲಿ ನಮ್ಮ ಹಕ್ಕು ನಿಂತಿರುವುದು 1950ರ ಒಂದು ತೀರ್ಪಿನ ಮೇಲೆ, ಪೀಪಲ್ ವಿರುದ್ಧ ಲೆವಿಸನ್. ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಥದ ಒಂದು ಕುಟುಂಬ ಮಗಳಿಗೆ ಮನೆಯಲ್ಲಿ ಪಾಠ ಮಾಡುತ್ತಿತ್ತು, ಅವಳೂ ಮೂರನೇ ಕ್ಲಾಸು. ಕೇಸು ರಾಜ್ಯದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮಕ್ಕಳಿಗೆ ಪಾಠ ಸಿಗುವ ಜಾಗವೇ ಶಾಲೆ, ಎಷ್ಟು ಮಕ್ಕಳಿದ್ದಾರೆ ಅನ್ನುವುದು ಮುಖ್ಯವಲ್ಲ ಅಂತ ಕೋರ್ಟ್ ಹೇಳಿತು. ಅಂದಿನಿಂದ ನಮ್ಮ ಮನೆಗಳು ಕಾನೂನಿನ ಲೆಕ್ಕದಲ್ಲಿ ಖಾಸಗಿ ಶಾಲೆಗಳು. ಆದರೆ ಅದೇ ತೀರ್ಪಿನಲ್ಲಿ ಪಾಠ ನಿಜಕ್ಕೂ ನಡೆಯುತ್ತಿದೆ ಅಂತ ತೋರಿಸುವ ಹೊಣೆ ಪೋಷಕರದ್ದು ಅಂತಲೂ ಇದೆ. ಅದಕ್ಕೇ ಅನಿತಾ ಅವರ ಮಾತು ಕೇಳಿ, ಹಾಳೆಗಳನ್ನು ಎತ್ತಿಡಿ.

ಈ ಮಸೂದೆ ನಿಜವಾದ ಖಾಸಗಿ ಶಾಲೆಗಳಿಗೂ ಕಡ್ಡಾಯ ನೋಂದಣಿ ಹೇಳುತ್ತದೆ, ಹಾಗಾಗಿ ಚರ್ಚ್ ಶಾಲೆಗಳವರೂ ನಮ್ಮ ಜೊತೆ ಸೇರಿದ್ದಾರೆ. ಡಿಪ್ಲೊಮಾ ಬಗ್ಗೆ ನಿಮಗೆ ಭಯ ಬೇಡ, ನಿಮಗೆ ಡಿಗ್ರಿ ಇದ್ದೇ ಇರುತ್ತದೆ. ನಮ್ಮ ಅಮ್ಮನಂಥ ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದವರು ಮೊಮ್ಮಕ್ಕಳಿಗೆ ಕನ್ನಡ, ಲೆಕ್ಕ ಹೇಳಿಕೊಡುವುದನ್ನು ಕಂಡಾಗ ಮಾತ್ರ ಆ ನಿಯಮ ನನಗೆ ಸರಿ ಅನ್ನಿಸುವುದಿಲ್ಲ.

---

ರಶ್ಮಿ_ನೇಪರ್‌ವಿಲ್ (ಮಾರ್ಚ್ 20)

ಹೋಗಿ ಬಂದೆವು. ವಕೀಲರು ಸುಮ್ನೆ ನಿಂತು ಬರಲು ಅಡ್ಡಿ ಇಲ್ಲ ಅಂದರು, ಯಜಮಾನರು ರಜೆ ಹಾಕಿ ಅವರೇ ಕಾರು ಓಡಿಸಿದರು. ಸಾವಿರಾರು ಜನ. ಸಮಿತಿಯ ಕೋಣೆಗೆ ಹೋಗಲು ಆಗಲಿಲ್ಲ, ಕೆಳಗೆ ರೊಟಂಡಾದಲ್ಲೇ ಇದ್ದೆವು. ಮಕ್ಕಳು ಕೈಯಲ್ಲಿ ಬರೆದ ಫಲಕ ಹಿಡಿದು ಮೆಟ್ಟಿಲ ಮೇಲೆಲ್ಲ ಕೂತಿದ್ದರು, ಕೆಲವರು ಅಲ್ಲೇ ಗಣಿತದ ಪುಸ್ತಕ ತೆಗೆದು ಮಾಡುತ್ತಿದ್ದರು. ಒಬ್ಬ ತಾಯಿ ನನ್ನ ಮಗಳಿಗೆ ಬಾಳೆಹಣ್ಣು ಕೊಟ್ಟು, ನೀವು ಎಲ್ಲಿಂದ ಬಂದಿದ್ದು ಅಂತ ಕೇಳಿ, ಅವರ ಮಗನಿಗೂ ಓದಿನ ಇದೇ ತೊಂದರೆ ಅಂತ ಗೊತ್ತಾಗಿ, ನಾವಿಬ್ಬರೂ ಗದ್ದಲದಲ್ಲೇ ಅರ್ಧ ಗಂಟೆ ಅಕ್ಷರ ಕಲಿಸುವ ವಿಧಾನಗಳ ಬಗ್ಗೆ ಮಾತಾಡಿದೆವು. ಇಷ್ಟು ದಿನ ನಾನು ಒಬ್ಬಳೇ ಅಂದುಕೊಂಡಿದ್ದೆ.

ಆದರೆ ಮಸೂದೆ ಸಮಿತಿಯಲ್ಲಿ 8-4ರಲ್ಲಿ ಪಾಸಾಯಿತು. ಸುದ್ದಿ ಬಂದಾಗ ಬೇಸರವಾಯಿತು. ವಾಪಸ್ ಬರುವಾಗ ಮಗಳಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅವಳೇ, 'ಈಗ ಅವರು ನನ್ನನ್ನು ಮತ್ತೆ ಶಾಲೆಗೆ ಕಳಿಸುತ್ತಾರಾ?' ಅಂತ ಕೇಳಿದಳು. ಇಲ್ಲ ಪುಟ್ಟಾ, ಇನ್ನೂ ಪೂರ್ತಿ ಸದನದಲ್ಲಿ ಮತ ಹಾಕಬೇಕು, ಆಮೇಲೆ ಸೆನೆಟ್, ಆಮೇಲೆ ಗವರ್ನರ್ ಸಹಿ ಅಂತ ವಿವರಿಸಿದೆ. ಸಮಾಜ ಪಾಠ ಕಾರಿನಲ್ಲೇ ಆಯಿತು.

---

ಸುಧಾ_ಟೀಚರ್ (ಮಾರ್ಚ್ 21)

ರಶ್ಮಿ, ನಿಮ್ಮ ಮಗಳ ಪ್ರಶ್ನೆ ಓದಿ ನನಗೂ ಕಷ್ಟವಾಯಿತು. ಮಗು ಹೆದರುವ ಹಾಗೆ ಕಾನೂನು ಇರಬಾರದು. ಫಾರಂ ಇರಲಿ, ಶಿಕ್ಷೆಯ ಭಾಗ ತೆಗೆಯಲಿ ಅಂತ ನಮ್ಮ ಶಾಸಕರಿಗೆ ಪತ್ರ ಬರೆಯುತ್ತಿದ್ದೇನೆ. ಫಾರಂ ಬೇಕು ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಓದು ನಿಧಾನ ಇರುವ ಮಕ್ಕಳಿಗೆ ನಾನು ಬಳಸುವ ಹಾಳೆಗಳಿವೆ, ಬೇಕಾದರೆ ಮೆಸೇಜ್ ಮಾಡಿ, ಕಳಿಸುತ್ತೇನೆ.

---

ಕಿರಣ್_ಷಾಂಬರ್ಗ್ (ಜೂನ್ 2)

ಈ ಕಡೆ ಬರುವವರಿಗೆ ಹೊಸ ಸುದ್ದಿ. ಮೇ 31ಕ್ಕೆ ಅಧಿವೇಶನ ಮುಗಿಯಿತು, ಮಸೂದೆಯನ್ನು ಸದನದಲ್ಲಿ ಮತಕ್ಕೆ ಕರೆಯಲೇ ಇಲ್ಲ. ಆದರೆ ಸತ್ತಿಲ್ಲ. ಈ ಶಾಸನಸಭೆಯ ಅವಧಿ 2027ರ ಜನವರಿವರೆಗೆ ಇದೆ, ಅಲ್ಲಿಯವರೆಗೆ ಯಾವಾಗ ಬೇಕಾದರೂ ಮತ್ತೆ ಎತ್ತಬಹುದು. ಬೇಸಿಗೆಯಲ್ಲಿ ಶಾಸಕರು ಅವರವರ ಕ್ಷೇತ್ರದಲ್ಲೇ ಸಿಗುತ್ತಾರೆ, ಆಫೀಸಿಗೆ ಫೋನ್ ಮಾಡಿದರೆ ಹದಿನೈದು ನಿಮಿಷ ಸಮಯ ಕೊಡುತ್ತಾರೆ. ನಮ್ಮ ಕಡೆಯ ನಾಲ್ಕೈದು ಕುಟುಂಬ ಸೇರಿ ಹೋಗುವುದು ಅಂತಾಗಿದೆ. ನೇಪರ್‌ವಿಲ್, ಅರೋರಾದವರು ನಿಮ್ಮ ಕ್ಷೇತ್ರದ ಶಾಸಕರ ಹೆಸರು ಹುಡುಕಿ ಇಲ್ಲಿ ಹಾಕಿ. ಸುಧಾ ಮೇಡಂ, ನೀವೂ ಬಂದರೆ ಒಳ್ಳೆಯದು. ಟೀಚರ್ ಒಬ್ಬರು ಶಿಕ್ಷೆಯ ಭಾಗ ತೆಗೆಯಿರಿ ಅಂದರೆ ನಮ್ಮ ಮಾತಿಗಿಂತ ಜಾಸ್ತಿ ಕೇಳುತ್ತಾರೆ.

---

ಸುಧಾ_ಟೀಚರ್ (ಜೂನ್ 2)

ಬರುತ್ತೇನೆ. ಶಾಲೆಗೆ ರಜೆ ಶುರುವಾಗಿದೆ, ಬುಧವಾರ ಬಿಟ್ಟು ಯಾವ ದಿನವಾದರೂ ಸರಿ.