ಸ್ಲ್ಯಾಪ್ ಶಾಟ್ (1977): ಆ ಹ್ಯಾನ್ಸನ್ ಅಣ್ಣತಮ್ಮಂದಿರು ನಿಜವಾಗ್ಲೂ ಇದ್ದರಾ?

ಮ್ಯಾಟಿನಿ ಮಲ್ಲೇಶ್ವರಂ ಕೇಳಿದ್ದು:

ನಿನ್ನೆ ರಾತ್ರಿ ಸ್ಲ್ಯಾಪ್ ಶಾಟ್ ಎರಡನೇ ಸಲ ನೋಡಿದೆ. ಮೊದಲ ಸಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ, ಅಷ್ಟೇ. ಈ ಸಲ ನಗುವಿನ ಜೊತೆ ಏನೋ ಒಂದು ಸಂಕಟವೂ ಉಳಿಯಿತು.

ನೋಡದವರಿಗೆ ಚುಟುಕಾಗಿ ಹೇಳ್ತೀನಿ. ಅಮೆರಿಕದಲ್ಲಿ ಚಾರ್ಲ್ಸ್‌ಟೌನ್ ಅಂತ ಒಂದು ಊರು, ಕಥೆಗಾಗಿ ಕಟ್ಟಿದ್ದು. ಅಲ್ಲಿನ ಉಕ್ಕಿನ ಕಾರ್ಖಾನೆ ಮುಚ್ಚುತ್ತಿದೆ. ಊರಿನ ಐಸ್ ಹಾಕಿ ತಂಡ ಚೀಫ್ಸ್ ಸೋತು ಸೋತು ಸುಣ್ಣವಾಗಿದೆ, ಅದನ್ನೂ ಮುಚ್ಚುತ್ತಾರೆ ಅನ್ನೋ ಸುದ್ದಿ. ಆಟಗಾರನೂ ಕೋಚೂ ಆಗಿರುವ ರೆಜಿ ಡನ್‌ಲಪ್, ಅಂದ್ರೆ ಪಾಲ್ ನ್ಯೂಮನ್, ಹೊಡೆದಾಟ ಆದರೆ ಜನ ತುಂಬ್ತಾರೆ ಅನ್ನೋದನ್ನ ಕಂಡುಕೊಳ್ಳುತ್ತಾನೆ. ಆಗ ಬರ್ತಾರೆ ನೋಡಿ, ದಪ್ಪ ಕಪ್ಪು ಫ್ರೇಮಿನ ಕನ್ನಡಕ ಹಾಕಿಕೊಂಡ, ಆಟಿಕೆ ಕಾರು ಹೊತ್ತು ತಿರುಗುವ ಮೂವರು ಹ್ಯಾನ್ಸನ್ ಅಣ್ಣತಮ್ಮಂದಿರು.

ನನ್ನ ಪ್ರಶ್ನೆ ಇದು. ಆ ಮೂವರು ನಟರಾ, ಆಟಗಾರರಾ? ಸ್ಕೇಟ್ ಮೇಲೆ ಅವರು ನಿಲ್ಲೋ ರೀತಿ ನೋಡಿದರೆ ನಟರು ಅನ್ನಿಸೋದೇ ಇಲ್ಲ. ಇನ್ನೊಂದು, ಚಿತ್ರಕಥೆ ನ್ಯಾನ್ಸಿ ಡೌಡ್ ಅಂತ ಟೈಟಲ್‌ನಲ್ಲಿ ಬಂತು. ಡ್ರೆಸ್ಸಿಂಗ್ ರೂಮಿನ ಅಷ್ಟು ಹಸಿ ಹಸಿ ಬೈಗುಳಗಳನ್ನ ಒಬ್ಬ ಹೆಣ್ಣುಮಗಳು ಹೇಗೆ ಹಿಡಿದರು? ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ. ಇಂಗ್ಲಿಷಿನಲ್ಲಿ ಬೇಕಾದಷ್ಟು ಸಿಗುತ್ತೆ, ಆದರೆ ನಮ್ಮವರ ಬಾಯಲ್ಲಿ ಕೇಳಬೇಕು ಅಂತ ಆಸೆ.

ಕತ್ತರಿ ಟೇಬಲ್ ಬರೆದದ್ದು:

ಒಳ್ಳೆ ಪ್ರಶ್ನೆ. ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ: ನ್ಯಾನ್ಸಿ ಡೌಡ್ ಅವರ ತಮ್ಮ ನೆಡ್ ಡೌಡ್.

ನೆಡ್ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಅನ್ನೋ ಊರಲ್ಲಿ ಜಾನ್ಸ್‌ಟೌನ್ ಜೆಟ್ಸ್ ತಂಡಕ್ಕೆ ಆಡ್ತಿದ್ದರು. ದೊಡ್ಡ ಲೀಗ್ ಅಲ್ಲ, ಬಸ್ಸಿನಲ್ಲಿ ಊರೂರು ತಿರುಗುವ ಸಣ್ಣ ಲೀಗು. ಒಂದು ದಿನ ಅಕ್ಕನಿಗೆ ಫೋನ್ ಮಾಡಿ, ನಮ್ಮ ತಂಡ ಮಾರಾಟಕ್ಕಿದೆಯಂತೆ ಅಂದರು. ತಂಡದ ಮಾಲೀಕರು ಯಾರು ಅಂತ ಅಕ್ಕ ಕೇಳಿದರೆ ತಮ್ಮನಿಗೆ ಗೊತ್ತಿಲ್ಲ! ದಿನಾ ಹಲ್ಲು ಮುರಿಸಿಕೊಂಡು ಆಡೋನಿಗೆ ತಾನು ಯಾರಿಗಾಗಿ ಆಡ್ತಿದ್ದೀನಿ ಅನ್ನೋದೇ ಗೊತ್ತಿಲ್ಲ. ಸಿನಿಮಾದಲ್ಲಿ ಡನ್‌ಲಪ್ ಉದ್ದಕ್ಕೂ ಹುಡುಕೋದು ಇದನ್ನೇ ಅಲ್ವಾ? ಕೊನೆಗೆ ಸಿಗುವ ಮಾಲಕಿ ತಣ್ಣಗೆ ಹೇಳ್ತಾಳೆ, ತಂಡ ಮಾರೋದಕ್ಕಿಂತ ಮುಚ್ಚಿ ನಷ್ಟ ತೋರಿಸಿದರೆ ತೆರಿಗೆಯಲ್ಲಿ ಲಾಭ ಅಂತ. ಇಡೀ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸೋ ದೃಶ್ಯ ಅದು. ಯಾವ ಹೊಡೆದಾಟವೂ ಅದರಷ್ಟು ಕ್ರೂರ ಅಲ್ಲ.

ನ್ಯಾನ್ಸಿ ಆ ಊರಿಗೇ ಹೋಗಿ ಇದ್ದರು. ಡ್ರೆಸ್ಸಿಂಗ್ ರೂಮಿನ ಮಾತು, ಬಸ್ಸಿನ ಮಾತು ಎಲ್ಲವನ್ನೂ ನೆಡ್ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದು ಅಕ್ಕನಿಗೆ ಕೊಡ್ತಿದ್ದರು. ಅಂದ್ರೆ ಆ ಬೈಗುಳಗಳು ಕೂತು ಹೊಸೆದದ್ದಲ್ಲ, ಕಿವಿಗೊಟ್ಟು ಕೇಳಿ ಬರೆದದ್ದು. ನ್ಯಾನ್ಸಿಗೆ ಮೊದಲು ಇದ್ದ ಯೋಚನೆ ಸಾಕ್ಷ್ಯಚಿತ್ರದ್ದು. ನಿರ್ದೇಶಕ ಜಾರ್ಜ್ ರಾಯ್ ಹಿಲ್ ಅವರೇ ಇದನ್ನ ಹಾಸ್ಯ ಚಿತ್ರ ಮಾಡೋಣ ಅಂತ ಒಪ್ಪಿಸಿದರು. ಬುಚ್ ಕ್ಯಾಸಿಡಿ, ದಿ ಸ್ಟಿಂಗ್ ಆದಮೇಲೆ ಹಿಲ್–ನ್ಯೂಮನ್ ಜೋಡಿಯ ಮೂರನೇ ಸಿನಿಮಾ ಇದು.

ಹೆಣ್ಣುಮಗಳು ಬರೆದದ್ದಕ್ಕೇ ಇದು ಇಷ್ಟು ಚೆನ್ನಾಗಿದೆ ಅಂತ ನಾನು ಹೇಳ್ತೀನಿ. ಸ್ಟ್ಯಾಂಡಿನಲ್ಲಿ ಕೂತ ಆಟಗಾರರ ಹೆಂಡತಿಯರನ್ನ ಇನ್ನೊಮ್ಮೆ ಗಮನಿಸಿ. ಗುರುತಿಲ್ಲದ ಊರಲ್ಲಿ, ಗಂಡ ಬಸ್ಸಿನಲ್ಲಿ ಹೋದಮೇಲೆ, ಮಾಡೋಕೆ ಕೆಲಸವಿಲ್ಲದೆ ಬೇಜಾರಲ್ಲಿ ಕುಡಿಯೋರು. ಟೇಪ್ ರೆಕಾರ್ಡರ್ ಗಂಡಸರ ರೂಮಲ್ಲಿತ್ತು, ನ್ಯಾನ್ಸಿಯ ಕಣ್ಣು ಮಾತ್ರ ಈ ಹೆಂಗಸರ ಕಡೆಗೂ ಇತ್ತು.

ಇನ್ನು ಹ್ಯಾನ್ಸನ್‌ಗಳು. ನಿಮ್ಮ ಕಣ್ಣು ಸರಿಯಾಗೇ ಗುರುತಿಸಿದೆ, ಮೂವರೂ ನಿಜವಾದ ಆಟಗಾರರು. ಜೆಟ್ಸ್ ತಂಡದಲ್ಲಿ ಜ್ಯಾಕ್, ಸ್ಟೀವ್, ಜೆಫ್ ಕಾರ್ಲ್‌ಸನ್ ಅಂತ ಮೂವರು ಸೋದರರಿದ್ದರು. ಮಿನ್ನೆಸೋಟಾ ರಾಜ್ಯದ ವರ್ಜೀನಿಯಾ ಅನ್ನೋ ಊರಿನವರು. ಕನ್ನಡಕವೂ ನಿಜ, ಆಟಿಕೆ ರೇಸ್ ಕಾರುಗಳೂ ನಿಜ. ಮೂವರೇ ಅಭಿನಯಿಸಬೇಕು ಅಂತಿತ್ತು. ಶೂಟಿಂಗ್ ಹೊತ್ತಿಗೆ ಜ್ಯಾಕ್‌ಗೆ ಎಡ್ಮಂಟನ್ ಆಯ್ಲರ್ಸ್ ತಂಡದಿಂದ ಕರೆ ಬಂತು, ಅವರು ಹೊರಟರು. ಆ ಜಾಗಕ್ಕೆ ಬಂದವರು ಜೆಟ್ಸ್ ತಂಡದವರೇ ಆದ ಡೇವ್ ಹ್ಯಾನ್ಸನ್. ಡೇವ್‌ಗೆ ಮೊದಲು ನಿಗದಿಯಾಗಿದ್ದದ್ದು 'ಕಿಲ್ಲರ್' ಕಾರ್ಲ್‌ಸನ್ ಅನ್ನೋ ಪಾತ್ರ, ಅದನ್ನ ಆಮೇಲೆ ಜೆರಿ ಹೌಸರ್ ಅನ್ನೋ ನಟ ಮಾಡಿದರು. ಹೆಸರುಗಳ ಅದಲು ಬದಲು ನೋಡಿ: ಕಾರ್ಲ್‌ಸನ್ ಸೋದರರು ತೆರೆಮೇಲೆ ಹ್ಯಾನ್ಸನ್ ಆದರು, ಹ್ಯಾನ್ಸನ್‌ನ ಮೇಲೆ ಬರೆದ ಪಾತ್ರ ಕಾರ್ಲ್‌ಸನ್ ಆಯಿತು.

ಕೀಗೊಂಚಲು ಬಂದು ಜೆಫ್ ಮುಖಕ್ಕೆ ಬೀಳುತ್ತೆ, ಮೂವರೂ ಪ್ರೇಕ್ಷಕರೊಳಗೆ ನುಗ್ತಾರಲ್ಲ, ಅದಕ್ಕೂ ಮೂಲ ಇದೆ. ಯುಟಿಕಾ ಊರಿನ ಪಂದ್ಯದಲ್ಲಿ ಯಾರೋ ಎಸೆದ ಐಸ್ ತುಂಬಿದ ಕಪ್ ಜೆಫ್ ಕಾರ್ಲ್‌ಸನ್ ಮುಖಕ್ಕೆ ಬಡಿದಿತ್ತು. ಅಣ್ಣತಮ್ಮಂದಿರು ಸ್ಟ್ಯಾಂಡಿಗೆ ಹತ್ತಿದರು, ಪೊಲೀಸರು ಹಿಡಿದುಕೊಂಡು ಹೋದರು. ಅಂಕಣದಲ್ಲೆಲ್ಲ ರಂಪ ಮಾಡುವ ಓಗಿ ಓಗಿಲ್‌ಥಾರ್ಪ್ ಪಾತ್ರಕ್ಕೆ ಸ್ಫೂರ್ತಿ ಬಿಲ್ 'ಗೋಲ್ಡಿ' ಗೋಲ್ಡ್‌ಥಾರ್ಪ್ ಅನ್ನೋ ಆಟಗಾರ. ಆ ಪಾತ್ರ ಮಾಡಿದ್ದು ಯಾರು ಅಂತೀರಿ? ಟೇಪ್ ರೆಕಾರ್ಡರ್ ಹಿಡಿದ ನೆಡ್ ಡೌಡ್!

ನಾಪೋಕ್ಲು ಫಾರ್ವರ್ಡ್ ಬರೆದದ್ದು:

ನಾನು ಕೊಡಗಿನವ. ನಮ್ಮದು ಹುಲ್ಲಿನ ಮೇಲಿನ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿಕೊಂಡೇ ಬೆಳೆದವನು. ಆಟದ ಸಿನಿಮಾ ಯಾವುದೇ ಇರಲಿ, ನಾನು ಮೊದಲು ನೋಡೋದು ಕಾಲು. ಮುಖ ಸುಳ್ಳು ಹೇಳಬಹುದು, ಕಾಲು ಹೇಳೋದಿಲ್ಲ.

ಈ ಸಿನಿಮಾದಲ್ಲಿ ಕಾಲುಗಳು ನಿಜ. ಚೀಫ್ಸ್ ಆಟಗಾರ ನೆಡ್ ಬ್ರೇಡನ್ ಪಾತ್ರದ ಮೈಕಲ್ ಆಂಟ್‌ಕೀನ್ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಕೊನೆಯಲ್ಲಿ ಬ್ಯಾಂಡ್ ತಾಳಕ್ಕೆ ಒಂದೊಂದೇ ಬಟ್ಟೆ ಬಿಚ್ಚುತ್ತಾ ಅಂಕಣ ಸುತ್ತುತ್ತಾರಲ್ಲ, ಸ್ಕೇಟ್ ಮೇಲೆ ನಿಂತು ಅಷ್ಟು ನಿರಾಳವಾಗಿ ಪ್ಯಾಡ್ ಕಳಚೋಕೆ ಆಟಗಾರನಿಗೆ ಮಾತ್ರ ಆಗುತ್ತೆ. ನ್ಯೂಮನ್‌ಗೆ ಆಗ 51 ವರ್ಷ. ಕಷ್ಟದ ಶಾಟ್‌ಗಳಿಗೆ ಡೂಪ್ ಇದ್ದರು, ಉಳಿದ ಕಡೆ ಸ್ಕೇಟಿಂಗ್ ಅವರದೇ. ವಯಸ್ಸಾದ ಆಟಗಾರ ಬೆಂಚಿನ ಕಡೆ ತಿರುಗುವಾಗ ಬೆನ್ನು ಸ್ವಲ್ಪ ಬಗ್ಗಿಸಿ ಉಸಿರು ಬಿಡೋದು, ಅದನ್ನ ನಾನು ನಮ್ಮ ದೊಡ್ಡವರಲ್ಲಿ ನೋಡಿದ್ದೀನಿ. ತಮ್ಮ ಸಿನಿಮಾಗಳಲ್ಲಿ ಬಲು ಖುಷಿಯಿಂದ ಮಾಡಿದ್ದು ಇದು ಅಂತ ನ್ಯೂಮನ್ ಆಮೇಲೆ ಹೇಳ್ತಿದ್ದರು.

ಇನ್ನೊಂದು ವಿಷಯ. ಬ್ರೂಸ್ ಬೂಡ್ರೊ ಆಗ ಜೆಟ್ಸ್‌ನ ಹುಡುಗ, ಮುಂದೆ ಎನ್‌ಎಚ್‌ಎಲ್‌ನ, ಅಂದ್ರೆ ಅಲ್ಲಿನ ದೊಡ್ಡ ಐಸ್ ಹಾಕಿ ಲೀಗ್‌ನ, ಹೆಸರಾಂತ ಕೋಚ್ ಆದವರು. ಸಿನಿಮಾದಲ್ಲಿ ಹಸಿರು ಜರ್ಸಿಯಲ್ಲಿ ಒಂದು ಕ್ಷಣ ಕಾಣ್ತಾರೆ. ಡನ್‌ಲಪ್ ವಾಸ ಮಾಡೋ ಆ ಮಾಸಲು ಮನೆ ಬೂಡ್ರೊ ಬಾಡಿಗೆಗೆ ಇದ್ದ ಮನೆಯೇ. ಸೆಟ್ ಹಾಕಿದ್ದರೆ ಅಷ್ಟು ಗಲೀಜು ಬರ್ತಿರಲಿಲ್ಲ.

ಶಾಂತಲಾ ಬಿ. ಬರೆದದ್ದು:

ಎಲ್ಲರೂ ಹೊಗಳ್ತಿದ್ದೀರಿ, ನಾನು ಒಂದು ಮಾತು ಸೇರಿಸ್ತೀನಿ. ಸಲಿಂಗಿಗಳ ಬಗ್ಗೆ ಇದರಲ್ಲಿ ಬರುವ ಕೆಲವು ಬೈಗುಳಗಳು ಇವತ್ತು ಕೇಳೋಕೆ ಆಗೋದಿಲ್ಲ. ಒಬ್ಬ ಎದುರಾಳಿ ಗೋಲ್‌ಕೀಪರನ್ನ ಕೆಣಕೋಕೆ ಅವನ ಹೆಂಡತಿಯ ವಿಷಯ ಎತ್ತುವ ದೃಶ್ಯಕ್ಕೆ ನನ್ನ ಜೊತೆ ನೋಡ್ತಿದ್ದವರು ನಕ್ಕರು, ನನಗೆ ನಗು ಬರಲಿಲ್ಲ. ಟೇಪಿನಲ್ಲಿ ಇದ್ದದ್ದನ್ನೇ ಬರೆದರು ಅನ್ನೋದು ಸರಿ. ಆದರೆ ಥಿಯೇಟರಿನಲ್ಲಿ ನಗೋನು ಅದನ್ನ ದಾಖಲೆ ಅಂತ ನೋಡೋದಿಲ್ಲ, ಅಲ್ವಾ? ಹಾಗೇ, ಹೊಡೆದಾಟವನ್ನ ಟೀಕಿಸೋ ಸಿನಿಮಾನಾ, ಮಾರೋ ಸಿನಿಮಾನಾ ಅನ್ನೋದೂ ನನಗೆ ಸ್ಪಷ್ಟ ಇಲ್ಲ.

ಕತ್ತರಿ ಟೇಬಲ್ ಬರೆದದ್ದು:

ಶಾಂತಲಾ ಮೇಡಂ, ಮೊದಲನೆಯ ಮಾತು ಪೂರ್ತಿ ಒಪ್ತೀನಿ. ಆ ದೃಶ್ಯ ನನಗೂ ಚುಚ್ಚುತ್ತೆ.

ಎರಡನೆಯದಕ್ಕೆ ಒಂದು ಕಟ್ ನೆನಪಿಸ್ತೀನಿ. ಪಂದ್ಯ ಶುರುವಾಗೋ ಮುಂಚೆ, ಮೈ ಬಿಸಿ ಮಾಡಿಕೊಳ್ಳೋ ಹೊತ್ತಲ್ಲೇ ದೊಡ್ಡ ಜಗಳ ಆಗುತ್ತೆ. ಜಗಳದ ನಡುವಿನಿಂದ ನೇರ ರಾಷ್ಟ್ರಗೀತೆಗೆ ಕಟ್. ಎರಡೂ ತಂಡ ಸಾಲಾಗಿ, ಶಿಸ್ತಾಗಿ ನಿಂತಿವೆ, ಮುಖದ ತುಂಬಾ ರಕ್ತ. ಅಂಪೈರ್ ಬಂದು ಸ್ಟೀವ್ ಹ್ಯಾನ್ಸನ್ ಕಿವಿಯಲ್ಲಿ ಎಚ್ಚರಿಕೆ ಕೊಟ್ಟರೆ, ಹಾಡು ಕೇಳ್ತಿದ್ದೀನಿ ಸುಮ್ನಿರಯ್ಯಾ ಅಂತ ಅವನೇ ರೇಗ್ತಾನೆ. ಜಗಳವನ್ನ ಇನ್ನೂ ಒಂದು ನಿಮಿಷ ಓಡಿಸಿದ್ದರೆ ಮಜಾ ಮಾತ್ರ ಇರ್ತಿತ್ತು. ಅಲ್ಲಿ ಕತ್ತರಿಸಿದ್ದಕ್ಕೆ, ಆ ರಕ್ತ ಮತ್ತು ಆ ಶಿಸ್ತು ಅಕ್ಕಪಕ್ಕ ಬಂದದ್ದಕ್ಕೆ, ಏನು ನಡೀತಿದೆ ಇಲ್ಲಿ ಅನ್ನೋ ಪ್ರಶ್ನೆ ಏಳುತ್ತೆ. ಸಂಕಲನ ಡೀಡಿ ಆಲೆನ್ ಅವರದು, ಬಾನಿ ಅಂಡ್ ಕ್ಲೈಡ್, ಡಾಗ್ ಡೇ ಆಫ್ಟರ್‌ನೂನ್ ಕತ್ತರಿಸಿದ ಕೈ. ಬರೆದದ್ದೂ ಹೆಣ್ಣು, ಕತ್ತರಿಸಿದ್ದೂ ಹೆಣ್ಣು. ಗಂಡಸರ ಸಿನಿಮಾ ಅಂತ ಹೇಳೋರಿಗೆ ನಾನು ಯಾವಾಗಲೂ ಇದನ್ನ ಹೇಳ್ತೀನಿ.

ಮಾಂಟ್ರಿಯಲ್ ಮಂಜುನಾಥ ಬರೆದದ್ದು:

ನಮ್ಮ ಊರಲ್ಲಿ ಈ ಸಿನಿಮಾ ಬೇರೆಯೇ ಜನ್ಮ ಎತ್ತಿದೆ, ಅದನ್ನ ಹೇಳಲೇಬೇಕು. ಹಾಲಿವುಡ್ ಸಿನಿಮಾಗಳನ್ನ ಫ್ರೆಂಚಿಗೆ ಡಬ್ ಮಾಡುವಾಗ ಸಾಮಾನ್ಯವಾಗಿ ಪುಸ್ತಕದ ಫ್ರೆಂಚ್ ಬಳಸ್ತಾರೆ. ಇದನ್ನ ಮಾತ್ರ ಕ್ವಿಬೆಕ್‌ನ ಬೀದಿ ಫ್ರೆಂಚಿನಲ್ಲಿ, ಇಲ್ಲಿ ಜುವಾಲ್ ಅಂತಾರೆ, ಅದರಲ್ಲೇ ಡಬ್ ಮಾಡಿದರು. ಇಲ್ಲಿನ ಬೈಗುಳ, ಇಲ್ಲಿನ ಎಳೆತ, ಎಲ್ಲವೂ ಇಲ್ಲಿನದೇ. ಗ್ರಂಥದ ಕನ್ನಡದಲ್ಲಿ ಕೇಳಬೇಕಾದ್ದನ್ನ ಹುಬ್ಬಳ್ಳಿ ಮಾತಲ್ಲಿ ಕೇಳಿದರೆ ಹೇಗಿರುತ್ತೆ, ಹಾಗೆ. ನನ್ನ ಆಫೀಸಿನಲ್ಲಿ ಸಿನಿಮಾ ಬಂದಾಗ ಹುಟ್ಟೇ ಇರದ ಹುಡುಗರೂ ಅದರ ಡೈಲಾಗ್ ಬಾಯಿಪಾಠ ಹೇಳ್ತಾರೆ. ಟೇಪಿನಲ್ಲಿ ಹಿಡಿದ ಆಡುಮಾತನ್ನ ಆಡುಮಾತಿಗೇ ತಂದದ್ದಕ್ಕೆ ಅದು ಬದುಕಿತು ಅನ್ನೋದು ನನ್ನ ನಂಬಿಕೆ.

ಪಿಟ್ಸ್‌ಬರ್ಗ್ ಸುಮಾ ಬರೆದದ್ದು:

ಸಿನಿಮಾ ಶೂಟಿಂಗ್ ಆದ ಜಾನ್ಸ್‌ಟೌನ್ ನಮ್ಮ ಮನೆಯಿಂದ ಸುಮಾರು ನೂರು ಕಿಲೋಮೀಟರ್. ಹೋದ ಬೇಸಿಗೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮನನ್ನ ಕರೆದುಕೊಂಡು ಹೋಗಿದ್ದೆ.

ಸಿನಿಮಾದಲ್ಲಿ ಒಂದು ನಾಯಿಯ ಪ್ರತಿಮೆ ಬರುತ್ತಲ್ಲ, 1938ರ ಪ್ರವಾಹದಿಂದ ಊರನ್ನ ಉಳಿಸಿದ ನಾಯಿ ಅಂತ? ಅದು ಊರ ನಡುವೆ ಈಗಲೂ ನಿಂತಿದೆ. ಹೆಸರು ಮಾರ್ಲಿಯ ನಾಯಿ. ನಿಜವಾಗಿ ಯಾರನ್ನೂ ಉಳಿಸಿದ ನಾಯಿ ಅಲ್ಲ, ಮಾರ್ಲಿ ಅನ್ನೋರ ಮನೆಯಂಗಳದ ಅಲಂಕಾರದ ಲೋಹದ ನಾಯಿ. 1889ರಲ್ಲಿ ಮೇಲಿನ ಅಣೆಕಟ್ಟು ಒಡೆದು 2,209 ಜನ ಸತ್ತ ಪ್ರವಾಹದಲ್ಲಿ ಅದೂ ಕೊಚ್ಚಿಹೋಗಿ, ಆಮೇಲೆ ಅವಶೇಷಗಳ ನಡುವೆ ಸಿಕ್ಕಿತು. ಅಪ್ಪ ಅದರ ಬೆನ್ನು ಸವರಿ, ಇಷ್ಟು ನೀರು ಕಂಡು ಬಂದಿದೆಯಲ್ಲ ಪಾಪ, ಅಂದರು.

ಮ್ಯಾಟಿನಿಯವರೇ, ನೀವು ಸಂಕಟ ಅಂದಿರಲ್ಲ, ಅದರ ಮೂಲ ಈ ಊರು. 1976ರಲ್ಲಿ ಶೂಟಿಂಗ್ ಆಯಿತು, 1977ರ ಫೆಬ್ರವರಿಯಲ್ಲಿ ಬಿಡುಗಡೆ. ಅದೇ ವರ್ಷ ಜುಲೈನಲ್ಲಿ ಮತ್ತೆ ಪ್ರವಾಹ, 80ಕ್ಕೂ ಹೆಚ್ಚು ಜನ ಹೋದರು. ಜೆಟ್ಸ್ ತಂಡವೂ ಅದು ಆಡ್ತಿದ್ದ ಲೀಗೂ ಅದೇ ವರ್ಷ ಮುಗಿದವು. ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ಕೆಲಸಗಳು ಹೋಗುತ್ತಾ ಹೋಗುತ್ತಾ 1980ರ ದಶಕದ ಶುರುವಿನಲ್ಲಿ ನಿರುದ್ಯೋಗದಲ್ಲಿ ಈ ಊರು ದೇಶಕ್ಕೇ ಮೊದಲು. ಸಿನಿಮಾ ಮುಂಚೆಯೇ ಹೇಳಿಬಿಟ್ಟಿತ್ತು. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳು ನಾನು. ಕಾರ್ಖಾನೆ ಸೈರನ್ ಕೂಗದ ಊರು ಹೇಗಿರುತ್ತೆ ಅಂತ ನನಗೆ ಯಾರೂ ವಿವರಿಸಬೇಕಿಲ್ಲ.

ಮ್ಯಾಟಿನಿ ಮಲ್ಲೇಶ್ವರಂ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಶಾಂತಲಾ ಅವರ ಮಾತು ಇಟ್ಟುಕೊಂಡು ಮೂರನೇ ಸಲ ನೋಡ್ತೀನಿ. ಸುಮಾ ಅವರೇ, ಸಿನಿಮಾದಲ್ಲಿ ಪಂದ್ಯ ನಡೆಯೋ ಆ ರಿಂಕ್, ಅಂದ್ರೆ ಐಸ್ ಅಂಕಣ, ಈಗಲೂ ಇದೆಯಾ? ಮುಂದಿನ ವರ್ಷ ಅಕ್ಕನ ಮನೆಗೆ ಅಂತ ನ್ಯೂಜೆರ್ಸಿಗೆ ಬರ್ತಿದ್ದೀನಿ.

ಪಿಟ್ಸ್‌ಬರ್ಗ್ ಸುಮಾ ಬರೆದದ್ದು:

ಇದೆ. ಕೇಂಬ್ರಿಯಾ ಕೌಂಟಿ ವಾರ್ ಮೆಮೋರಿಯಲ್ ಅರೀನಾ, 1950ರದು. 1988ರಲ್ಲಿ ಊರಿಗೆ ಮತ್ತೆ ವೃತ್ತಿಪರ ತಂಡ ಬಂದಾಗ ಅದಕ್ಕೆ ಇಟ್ಟ ಹೆಸರು ಜಾನ್ಸ್‌ಟೌನ್ ಚೀಫ್ಸ್, ಸಿನಿಮಾದ್ದೇ. 2010ರವರೆಗೂ ಅವರು ಅಲ್ಲೇ ಆಡಿದರು. ಈಗ ಟಾಮಹಾಕ್ಸ್ ಅನ್ನೋ ಜೂನಿಯರ್ ಹುಡುಗರ ತಂಡ ಆಡುತ್ತೆ. ನಾವು ಹೋಗಿದ್ದು ಬೇಸಿಗೆಯಲ್ಲಿ, ಪಂದ್ಯ ಇರಲಿಲ್ಲ. ನೀವು ಚಳಿಗಾಲಕ್ಕೇ ಟಿಕೆಟ್ ಮಾಡಿಸಿ. ಬರೋ ಮುಂಚೆ ಇಲ್ಲೇ ಒಂದು ಮಾತು ಹಾಕಿ, ನಾನು ಕಾರು ತರ್ತೀನಿ.